ಆಪರೇಷನ್ ಆಗಿ ಆರು ವಾರ: "ನಡೀತಾ ಇದ್ದೀನಲ್ಲ, ಇನ್ನು ವ್ಯಾಯಾಮ ಯಾಕೆ?" ಅಂತಾರೆ ಅಮ್ಮ

ಕಿರಿಮಗಳು ಕೇಳಿದ್ದು:

ಅಮ್ಮನಿಗೆ 67 ವರ್ಷ. ಎಡ ಸೊಂಟದ ಕೀಲು ಪೂರ್ತಿ ಸವೆದು ಹೋಗಿತ್ತು. ಹಿಪ್ ರೀಪ್ಲೇಸ್‌ಮೆಂಟ್ ಆಗಿ ಈಗ ಆರು ವಾರ. ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್. ಗಾಯ ಚೆನ್ನಾಗಿ ಮಾಗಿದೆ. ರಾತ್ರಿಯೆಲ್ಲ ನರಳಿಸುತ್ತಿದ್ದ ಹಳೆಯ ನೋವು ಈಗ ಇಲ್ಲವೇ ಇಲ್ಲ. ವಾಕರ್ ಬಿಟ್ಟು ಸ್ಟಿಕ್ಕಿಗೆ ಬಂದಿದ್ದಾರೆ.

ತೊಂದರೆ ಏನೆಂದರೆ, ಮನೆಗೆ ಬರುತ್ತಿದ್ದ ಫಿಸಿಯೋ ಬರುವುದು ನಿಂತ ಮೇಲೆ ಅಮ್ಮನ ವ್ಯಾಯಾಮವೂ ನಿಂತಿದೆ. ಕೇಳಿದರೆ "ದಿನಾ ಇಷ್ಟೊತ್ತು ನಡೀತೀನಲ್ಲ, ಮಲಗಿ ಕಾಲು ಆಡಿಸೋದ್ರಿಂದ ಇನ್ನೇನು ಬರುತ್ತೆ?" ಎನ್ನುತ್ತಾರೆ. ಆದರೆ ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ವಾಲುತ್ತದೆ. ಮೊನ್ನೆ ಚೆಕಪ್‌ನಲ್ಲಿ ಚೀಟಿಯ ಮೇಲೆ "ಟ್ರೆಂಡೆಲೆನ್‌ಬರ್ಗ್ ಪಾಸಿಟಿವ್" ಎಂದು ಬರೆದು, ವ್ಯಾಯಾಮ ಮುಂದುವರಿಸಿ ಎಂದಷ್ಟೇ ಹೇಳಿ ಕಳಿಸಿದರು. ಯಾವ ವ್ಯಾಯಾಮ, ಎಷ್ಟು, ಏನೂ ಇಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿರುವುದೆಲ್ಲ ಮೊದಲ ವಾರದ್ದು.

ಇನ್ನೂ ಎರಡು ವಿಷಯ. ಎಡಗಾಲು ಉದ್ದ ಆಗಿದೆ ಅಂತ ಅಮ್ಮನಿಗೆ ಅನ್ನಿಸುತ್ತಿದೆ. ಮತ್ತೆ ಸ್ಟಿಕ್ಕನ್ನು ಎಡಗೈಯಲ್ಲೇ ಹಿಡಿಯುತ್ತಾರೆ. "ಆ ಕಾಲಿಗೆ ತಾನೆ ಆಸರೆ ಬೇಕಾಗಿರೋದು" ಅನ್ನುವುದು ಅವರ ವಾದ. ಸರಿಯಾ ಇದು? ನಡಿಗೆ ಒಂದೇ ಸಾಕಾ?

ಹೊರಂಗಳ:

ನಮ್ಮ ಅಪ್ಪ ನಡೆದೇ ಸರಿಹೋದರು. ಮೊದಲ ಎರಡು ವಾರ ಬಿಟ್ಟರೆ ವ್ಯಾಯಾಮ ಅಂತ ಏನೂ ಮಾಡಲಿಲ್ಲ. ಈಗ ಯಾವ ಕಾಲಿಗೆ ಆಪರೇಷನ್ ಆಗಿತ್ತು ಅಂತ ಕೇಳಬೇಕು, ಹಾಗೆ ನಡೆಯುತ್ತಾರೆ. ಅವರದ್ದು ಮುಂಬದಿಯಿಂದ ಮಾಡಿದ್ದು. ಆಪರೇಷನ್ ಹಿಂದಿನ ದಿನದವರೆಗೂ ಓಡಾಡಿಕೊಂಡಿದ್ದವರು ಅನ್ನೋದೂ ನಿಜ. ವಯಸ್ಸಾದವರನ್ನು ಸುಮ್ನೆ ಕಾಡಬೇಡಿ, ಅವರ ಪಾಡಿಗೆ ನಡೆಯಲಿ.

ಮನೆಗೆ ಬರುವ ಫಿಸಿಯೋ:

ಮೊದಲು ಸ್ಟಿಕ್. ಇವತ್ತೇ ಬಲಗೈಗೆ ಹೋಗಲಿ. ನೋವಿರುವ ಕಾಲಿನ ಕಡೆಗೇ ಹಿಡಿಯುವುದು ಎಲ್ಲರಿಗೂ ಸಹಜವಾಗಿ ಬರುತ್ತದೆ, ಸಿನಿಮಾದಲ್ಲೂ ಹಾಗೇ ತೋರಿಸುತ್ತಾರೆ. ಕೀಲಿನ ಲೆಕ್ಕ ಬೇರೆ. ಒಂದು ಕಾಲಿನ ಮೇಲೆ ನಿಂತಾಗ ಮೈಭಾರವೆಲ್ಲ ಆ ಕೀಲಿನ ಒಳಬದಿಗೆ, ಸ್ವಲ್ಪ ದೂರದಲ್ಲಿ ಜಗ್ಗುತ್ತದೆ. ಅದನ್ನು ಹೊರಗಡೆಯಿಂದ ಎಳೆದು ಹಿಡಿಯುವ ಸ್ನಾಯು ಕೀಲಿಗೆ ತೀರಾ ಹತ್ತಿರ ಇದೆ. ಒಂದು ತೋಳು ಗಿಡ್ಡ ಇರುವ ತಕ್ಕಡಿಯ ಹಾಗೆ. ಗಿಡ್ಡ ಕಡೆಯವನು ಜಾಸ್ತಿ ಜಗ್ಗಬೇಕು. ಅದಕ್ಕೇ ಸಾಮಾನ್ಯ ನಡಿಗೆಯಲ್ಲೂ ಸೊಂಟದ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಸ್ಟಿಕ್ ಬಲಗೈಯಲ್ಲಿದ್ದರೆ, ಕೀಲಿನಿಂದ ದೂರ ಇರುವುದರಿಂದ, ಸ್ವಲ್ಪ ಒತ್ತಿದರೂ ಆ ಸ್ನಾಯುವಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಎಡಗಾಲೂ ಬಲಗೈಯ ಸ್ಟಿಕ್ಕೂ ಒಟ್ಟಿಗೆ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಸ್ಟಿಕ್ಕಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಲಿ.

ಇನ್ನು ಆ ಚೀಟಿ. ಈಗ ಹೇಳಿದೆನಲ್ಲ, ಸೊಂಟದ ಹೊರಗಡೆಯ ಸ್ನಾಯು, ಅದು ಸೋತಿದೆ ಎಂದೇ ಅದರ ಅರ್ಥ. ಎಡಗಾಲಿನ ಮೇಲೆ ನಿಂತಾಗ ಬಲಗಡೆಯ ಸೊಂಟ ಕೆಳಗೆ ಜಾರುತ್ತದೆ. ಜಾರದಿರಲಿ ಅಂತ ಮೈ ಎಡಕ್ಕೆ ವಾಲುತ್ತದೆ. ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಸರ್ಜನ್ 1895ರಲ್ಲೇ ಇದನ್ನು ವಿವರಿಸಿದ್ದರು. ಇವತ್ತಿಗೂ ನಾವು ಅದೇ ಪರೀಕ್ಷೆ ಮಾಡುತ್ತೇವೆ, ಯಾವ ಯಂತ್ರವೂ ಬೇಡ. ಗಾಬರಿಯಾಗುವಂಥ ಮಾತಲ್ಲ. ಆರು ವಾರಕ್ಕೆ ಬಹಳ ಜನರಲ್ಲಿ ಇದು ಕಾಣುತ್ತದೆ.

ಆಪರೇಷನ್ನಿನಲ್ಲಿ ಬದಲಾಯಿಸಿದ್ದು ಕೀಲನ್ನು. ಸ್ನಾಯು ಹಳೆಯದೇ ಅಲ್ವಾ? ವರ್ಷಗಟ್ಟಲೆ ನೋವಿಗೆ ಹೆದರಿ ಅಮ್ಮ ಆ ಕಾಲನ್ನು ಅರ್ಧಂಬರ್ಧ ಬಳಸಿದ್ದಾರೆ. ಆಗಲೇ ಅದು ಬಡವಾಗಿತ್ತು. ಮೇಲಿಂದ ಆಪರೇಷನ್ ಬೇರೆ. ನೋವು ಹೋಯಿತು, ಬಲ ತಾನಾಗಿ ಬರಲಿಲ್ಲ. ನೋವಿಲ್ಲದವರಿಗೆ ವ್ಯಾಯಾಮ ಮಾಡಿಸುವುದೇ ನನ್ನ ಕೆಲಸದಲ್ಲಿ ಅತಿ ಕಷ್ಟದ ಭಾಗ. ನೋವಿದ್ದವರು ಹೇಳಿದ್ದನ್ನೆಲ್ಲ ಮಾಡುತ್ತಾರೆ!

ಹಾಗಾದರೆ ನಡಿಗೆ ಸಾಲದೇ? "ಹೊರಂಗಳ" ಅವರ ಅಪ್ಪನಂಥವರಿಗೆ ಸಾಲುತ್ತದೆ. ಅವರು ಬಲ ಇಟ್ಟುಕೊಂಡೇ ಆಪರೇಷನ್ನಿಗೆ ಹೋಗಿದ್ದರು. ವಾಲುತ್ತಾ ನಡೆಯುವವರಿಗೆ ಸಾಲುವುದಿಲ್ಲ. ಮೈ ವಾಲಿಸಿದ ಕೂಡಲೇ ಆ ಸೋತ ಸ್ನಾಯುವಿಗೆ ರಜೆ ಸಿಕ್ಕ ಹಾಗೆ. ಎಷ್ಟು ಜಾಸ್ತಿ ನಡೆದರೂ ಕೆಲಸ ಮಾಡುವುದು ಬೇರೆಯವೇ. ಕುಂಟು ಮಾತ್ರ ಅಭ್ಯಾಸವಾಗಿ ಕೂರುತ್ತದೆ. ನಡಿಗೆ ಬಿಡಬೇಡಿ, ಅದರಿಂದ ಉಸಿರು, ರಕ್ತ ಸಂಚಾರ, ಧೈರ್ಯ ಎಲ್ಲ ಸುಧಾರಿಸುತ್ತದೆ. ಈ ಸ್ನಾಯುವಿಗೆ ಮಾತ್ರ ಬೇರೆ ಪಾಠ ಬೇಕು.

ಮಲಗಿ ಕಾಲು ಆಡಿಸುವ ವಿಷಯದಲ್ಲಿ ಅಮ್ಮ ಹೇಳಿದ್ದು ಅರ್ಧ ಸರಿ. ಪಾದ ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿ ಜಾರಿಸುವುದು, ಅವೆಲ್ಲ ಹಾಸಿಗೆ ಹಿಡಿದಿದ್ದಾಗ ಬೇಕಾಗಿದ್ದವು. ಈಗ ಅವನ್ನು ಬಿಟ್ಟರೂ ನಡೆಯುತ್ತದೆ. ಈಗಿನ ಕೆಲಸ ನಿಂತುಕೊಂಡು.

ಅಡುಗೆಮನೆಯ ಕಟ್ಟೆಯನ್ನೋ ಭಾರದ ಮೇಜನ್ನೋ ಎರಡೂ ಕೈಯಲ್ಲಿ ಹಿಡಿದು ನಿಲ್ಲಲಿ. ಎಡಗಾಲನ್ನು ನೇರವಾಗಿ ಪಕ್ಕಕ್ಕೆ ಒಂದು ಗೇಣಿನಷ್ಟು ಎತ್ತಿ, ನಿಧಾನಕ್ಕೆ ಇಳಿಸಬೇಕು. ಬೆರಳುಗಳು ಮುಂದಕ್ಕೇ ನೋಡುತ್ತಿರಲಿ. ಪಾದ ಹೊರಗೆ ತಿರುಗಿತೋ, ಮುಂದಿನ ತೊಡೆ ಕೆಲಸ ಕದಿಯುತ್ತಿದೆ ಎಂದರ್ಥ. ಮೈ ಅಲುಗಬಾರದು. ಹತ್ತು ಸಲ ಸಾಕು. ಅದೇ ಥರ ಹಿಂದಕ್ಕೂ, ಮುಂದೆ ಬಗ್ಗದೆ. ಅವರದ್ದು ಹಿಂಬದಿಯ ಆಪರೇಷನ್ ಆದ್ದರಿಂದ ಹಿಂದಕ್ಕೆ ಎತ್ತಲು ಹೆದರಬೇಕಿಲ್ಲ. ಮುಂಬದಿಯಿಂದ ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ನಿಮ್ಮ ಸರ್ಜನ್ನನ್ನು ಕೇಳದೆ ಹಿಂದಕ್ಕೆ ಎತ್ತಬೇಡಿ.

ಆಮೇಲೆ ಬಲಗಾಲು ಎತ್ತಿಸಿ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, "ಆ ಕಾಲಿಗೇನಾಗಿದೆ" ಅಂತ. ಬಲಗಾಲು ಎತ್ತಿದಾಗ ಪೂರ್ತಿ ಭಾರ ಹೊರುವುದು ಎಡ ಸೊಂಟ. ನಮಗೆ ಬೇಕಾದದ್ದು ಅದೇ. ಕನ್ನಡಿ ಮುಂದೆ ನಿಂತು, ಎರಡೂ ಸೊಂಟದ ಮೂಳೆ ಒಂದೇ ಮಟ್ಟದಲ್ಲಿ ಇದೆಯಾ ಎಂದು ನೋಡಿಕೊಳ್ಳುತ್ತಾ ಐದು ಎಣಿಸುವವರೆಗೆ ನಿಲ್ಲಲಿ. ಸೊಂಟ ಜಾರಿದರೆ ಅಲ್ಲಿಗೆ ನಿಲ್ಲಿಸಿ. ಜಾರಿಸಿಕೊಂಡು ಇಪ್ಪತ್ತು ಮಾಡುವುದಕ್ಕಿಂತ ಜಾರದೆ ಮೂರು ಮಾಡುವುದು ಮೇಲು. ನೀವು ಹಿಂದೆ ನಿಂತಿರಿ.

ಇದರ ಜೊತೆಗೆ ಕೈಯಿರುವ ಎತ್ತರದ ಕುರ್ಚಿಯಿಂದ ಏಳುವುದು, ಕೂರುವುದು. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ. ಹಳೇ ಅಭ್ಯಾಸದಿಂದ ಎಲ್ಲರೂ ಒಳ್ಳೆಯ ಕಾಲಿನ ಮೇಲೇ ಏಳುತ್ತಾರೆ. ಮಲಗಿ ಮಾಡುವುದರಲ್ಲಿ ಒಂದನ್ನು ಉಳಿಸಿಕೊಳ್ಳಿ: ಮಂಡಿ ಮಡಿಸಿ, ಪಾದ ಊರಿ, ಕೂರುವ ಜಾಗದ ಸ್ನಾಯು ಬಿಗಿ ಮಾಡಿ ಸೊಂಟ ಎತ್ತುವುದು. ದಿನಕ್ಕೆ ಎರಡು ಹೊತ್ತು ಇಷ್ಟು ಮಾಡಿದರೆ ಸಾಕು.

ಜಾಸ್ತಿ ಆಯಿತೋ ಇಲ್ಲವೋ ಅನ್ನುವುದನ್ನು ಮರುದಿನ ಬೆಳಿಗ್ಗೆ ನೋಡಿ. ಮಾಡುವಾಗ ಸ್ನಾಯು ಸೋಲಬೇಕು, ಸ್ವಲ್ಪ ಎಳೆತ ಇರಬಹುದು. ಬೆಳಿಗ್ಗೆ ಎದ್ದಾಗ ನಿನ್ನೆಗಿಂತ ನೋವು, ಬಿಗಿತ ಹೆಚ್ಚಿದ್ದರೆ ಅಂದು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ವಿಡಿಯೋ ನೋಡಿ ಹೊಸದು ಸೇರಿಸುವ ಮುಂಚೆ ಯೋಚಿಸಿ. ಮಲಗಿ ಕಾಲನ್ನು ನೇರವಾಗಿ ಮೇಲಕ್ಕೆ ಎತ್ತುವುದು ಎಲ್ಲ ವಿಡಿಯೋದಲ್ಲೂ ಇರುತ್ತದೆ. ಹೊಸ ಕೀಲಿಗೂ ತೊಡೆಸಂದಿಯ ಸ್ನಾಯುವಿಗೂ ಅದು ಜಾಸ್ತಿ ಭಾರ, ನಾನು ಮಾಡಿಸುವುದಿಲ್ಲ. ಸರ್ಜನ್ ಸಾಕು ಎನ್ನುವವರೆಗೂ ಹಳೆಯ ನಿಯಮಗಳು ಹಾಗೇ ಇರಲಿ: ತೊಡೆ ಮತ್ತು ಮೈ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಚಬಾರದು. ವ್ಯಾಯಾಮದ ಹೊತ್ತಿನಲ್ಲಿ ಯಾರೂ ಇದನ್ನು ಮುರಿಯುವುದಿಲ್ಲ. ಮುರಿಯುವುದು ಕೆಳಗೆ ಬಿದ್ದ ಕನ್ನಡಕ ಎತ್ತುವಾಗ, ತಗ್ಗಿನ ಸೋಫಾದಿಂದ ಏಳುವಾಗ, ಯಾರೋ ಕರೆದರು ಅಂತ ಎಡಗಾಲು ಊರಿಕೊಂಡೇ ಗರಕ್ಕನೆ ಎಡಕ್ಕೆ ತಿರುಗುವಾಗ. ಪುಟ್ಟ ಹೆಜ್ಜೆಗಳಲ್ಲಿ ತಿರುಗಲು ಹೇಳಿ.

ಕಾಲು ಉದ್ದ ಅನ್ನಿಸುವುದು: ಬಹಳ ಸಲ ಕಾಲು ನಿಜಕ್ಕೂ ಉದ್ದ ಆಗಿರುವುದಿಲ್ಲ. ಸೊಂಟದ ಸುತ್ತ ಬಿಗಿತ ಇರುವುದರಿಂದ ಸೊಂಟವೇ ಓರೆಯಾಗಿ ನಿಲ್ಲುತ್ತದೆ. ಸವೆದ ಕೀಲಿನಿಂದ ಗಿಡ್ಡವಾಗಿದ್ದ ಕಾಲು ಸರಿಯಾದಾಗಲೂ ಹೀಗೆ ಅನ್ನಿಸಬಹುದು. ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಅಷ್ಟರೊಳಗೆ ನೀವಾಗಿಯೇ ಚಪ್ಪಲಿಗೆ ಹಿಮ್ಮಡಿ ಏರಿಸಬೇಡಿ. ಹೊಂದದಿದ್ದರೆ ಅಳತೆ ಮಾಡಿಸಿ.

ಎರಡೂ ಹೊಸವು:

ನನ್ನ ಎರಡೂ ಸೊಂಟ ಬದಲಾಗಿವೆ, ಒಂದು ವರ್ಷದ ಅಂತರದಲ್ಲಿ. ಮೇಡಂ ಹೇಳಿದ್ದಕ್ಕೆ ನನ್ನದೊಂದು ಮಾತು. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಇಟ್ಟರೆ ಅಮ್ಮ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಹಲ್ಲುಜ್ಜುವಾಗ ಬೇಸಿನ್ ಹಿಡಿದು ಕಾಲು ಪಕ್ಕಕ್ಕೆ ಎತ್ತುವುದು, ಒಲೆ ಮೇಲೆ ಇಟ್ಟದ್ದು ಕುದಿಯುವವರೆಗೆ ಹಿಂದಕ್ಕೆ ಎತ್ತುವುದು, ಹೀಗೆ ಅಂಟಿಸಿಕೊಂಡೆ. ಟಿವಿಯಲ್ಲಿ ಜಾಹೀರಾತು ಬಂದಾಗ ಕುರ್ಚಿಯಿಂದ ಏಳು, ಕೂರು.

ನಡೆಯುವಾಗ ಹೆಜ್ಜೆಯ ಸದ್ದು ಕೇಳಿಸಿಕೊಳ್ಳಲು ಹೇಳಿ. ಕುಂಟುವವರ ಸದ್ದು ಟಕ್-ಟಕ್ ಎಂದು ಸಮನಾಗಿ ಬರುವುದಿಲ್ಲ, ಒಂದು ಹೆಜ್ಜೆ ಅವಸರದ್ದಾಗಿರುತ್ತದೆ. ನಮ್ಮ ಮನೆಯವರು ಒಳಗಿನ ಕೋಣೆಯಿಂದಲೇ "ಈಗ ಕುಂಟಿದ್ರಿ" ಅಂತ ಕೂಗೋರು. ಸಿಟ್ಟು ಬರುತ್ತಿತ್ತು, ಆದರೆ ಅವರು ಹೇಳಿದ್ದು ಸರಿಯೇ ಇರುತ್ತಿತ್ತು.

ಇನ್ನೊಂದು, "ಅಮ್ಮ, ವ್ಯಾಯಾಮ ಮಾಡು" ಅಂತ ಹೇಳುವುದು ಬಿಡಿ. ಹಿಂದಿನಿಂದ ಮೊಬೈಲಿನಲ್ಲಿ ನಡಿಗೆಯ ವಿಡಿಯೋ ತೆಗೆದು ತೋರಿಸಿ. ವಾಲುವುದು ಒಳಗಿನಿಂದ ಗೊತ್ತಾಗುವುದಿಲ್ಲ. ನನಗೆ ನಾನು ನೆಟ್ಟಗೇ ನಡೆದ ಹಾಗಿರುತ್ತಿತ್ತು.

ಕಿರಿಮಗಳು:

ಎಲ್ಲರಿಗೂ ಥ್ಯಾಂಕ್ಸ್. ವಿಡಿಯೋ ತೋರಿಸಿದೆ. ಅಮ್ಮ ಎರಡು ಸಲ ನೋಡಿ, "ಅಯ್ಯೋ, ನಿಮ್ಮಜ್ಜಿ ನಡೆದ ಹಾಗೇ ಇದೆ" ಅಂದರು. ಆಮೇಲೆ ತಾವೇ ಹೋಗಿ ಕಟ್ಟೆ ಹಿಡಿದು ನಿಂತರು. ಬಲಗಾಲು ಎತ್ತುವುದು ಮೂರಕ್ಕೆ ಮುಗಿಯಿತು, ನಾಲ್ಕನೆಯದಕ್ಕೆ ಸೊಂಟ ಜಾರಿತು. ಸ್ಟಿಕ್ ಬಲಗೈಗೆ ಬಂದಿದೆ, ಗೊಣಗುತ್ತಲೇ.

ಎರಡು ಪ್ರಶ್ನೆ. ಸಂಜೆ ಹೊತ್ತಿಗೆ ಎಡ ಪಾದದ ಗಂಟು ಊದಿಕೊಳ್ಳುತ್ತದೆ, ಇದು ನಡಿಗೆ ಜಾಸ್ತಿಯಾಗಿದ್ದರಿಂದಲಾ? ಮತ್ತೆ ಮೆಟ್ಟಿಲು ಹತ್ತಬಹುದಾ?

ಮನೆಗೆ ಬರುವ ಫಿಸಿಯೋ:

ಮೂರು ಒಳ್ಳೆಯ ಶುರು.

ಊತ ಬೆಳಿಗ್ಗೆ ಹೊತ್ತಿಗೆ ಇಳಿದಿದ್ದರೆ ಅದು ಮಾಮೂಲಿ. ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಒಂದೇ ಸಮ ನಡೆಯುವ ಬದಲು ಚಿಕ್ಕ ಚಿಕ್ಕ ಸುತ್ತು ಮಾಡಲಿ. ಮಧ್ಯಾಹ್ನ ಅರ್ಧ ಗಂಟೆ ಚಪ್ಪಟೆ ಮಲಗಿ, ಮೀನಖಂಡದ ಕೆಳಗೆ ದಿಂಬಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಡಲಿ. ಕುರ್ಚಿಯಲ್ಲಿ ಕೂತು ಕಾಲು ಮಣೆಯ ಮೇಲೆ ಇಡುವುದರಿಂದ ಅಷ್ಟು ಇಳಿಯುವುದಿಲ್ಲ. ಪಾದ ಆಡಿಸುವುದನ್ನು ಬಿಡಬಹುದು ಅಂದಿದ್ದೆ, ಊತ ಇರುವುದರಿಂದ ಆ ಅರ್ಧ ಗಂಟೆ ಅದನ್ನು ಮಾಡಲಿ.

ಆದರೆ ಬೆಳಿಗ್ಗೆಯೂ ಇಳಿಯದ ಊತ, ಮೀನಖಂಡದಲ್ಲಿ ನೋವು, ಬಿಸಿ, ಕೆಂಪು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು. ಮೊದಲ ಮೂರು ತಿಂಗಳು ಆ ಅಪಾಯ ಪೂರ್ತಿ ಹೋಗಿರುವುದಿಲ್ಲ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ. ಗಾಯದಿಂದ ನೀರು ಬರುವುದು, ಜ್ವರ, ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ಕಾಲು ಗಿಡ್ಡವಾಗಿ ತಿರುಗಿ ನಿಲ್ಲುವುದು, ಇವೂ ಕಾಯುವಂಥವಲ್ಲ.

ಮೆಟ್ಟಿಲು ಹತ್ತಲಿ, ಕಂಬಿ ಹಿಡಿದು. ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಸ್ಟಿಕ್ ಮತ್ತು ಎಡಗಾಲು ಮೊದಲು. ಒಂದೊಂದು ಮೆಟ್ಟಿಲಿಗೆ ಎರಡೂ ಕಾಲು ಸೇರಿಸಲಿ. ಎಡಗಾಲಿನಿಂದ ಮೆಟ್ಟಿಲು ಏರುವ ವ್ಯಾಯಾಮ ಮುಂದಿನ ಹಂತ. ಬಲಗಾಲು ಎತ್ತಿ ಸೊಂಟ ಜಾರಿಸದೆ ಹತ್ತು ಬಾರಿ ನಿಲ್ಲಲು ಬಂದ ಮೇಲೆ ಬಂದು ಕೇಳಿ. ಕುಂಟು ಪೂರ್ತಿ ಹೋಗುವವರೆಗೆ ಹೊರಗೆ ಹೋಗುವಾಗ ಸ್ಟಿಕ್ ಇರಲಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳುವುದು ಬೇಡ.

ಮುಂದಿನ ವಿಡಿಯೋ ಮೂರು ವಾರ ಬಿಟ್ಟು ತೆಗೆಯಿರಿ. ದಿನಾ ತೆಗೆದರೆ ವ್ಯತ್ಯಾಸ ಕಾಣುವುದಿಲ್ಲ, ಅಮ್ಮನಿಗೆ ಬೇಜಾರಾಗುತ್ತದೆ.