ಅಪ್‌ಡೇಟ್: ಬಿದಿರು ಬಾಣದ ಮೊನೆ ಕಿತ್ತು ಬರುತ್ತಿದ್ದದ್ದು ನಿಂತಿತು

ಭತ್ತದ ಹುಲ್ಲಿನ ಗುರಿಯಿಂದ ಬಾಣ ಎಳೆದರೆ, ಬಿದಿರಿನ ತುದಿಗೆ ಟೋಪಿಯಂತೆ ಅಂಟಿಸಿದ ಉಕ್ಕಿನ ಮೊನೆ ಒಳಗೇ ಉಳಿಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ನಿಂತಿದೆ.

ಕೆಲಸ ಮಾಡಿದ್ದು ಮೊನೆಯೊಳಗಿನ ಎಣ್ಣೆ ತೆಗೆಯಿರಿ ಎಂದವರ ಸಲಹೆ. ಕಾರ್ಖಾನೆಯ ಎಣ್ಣೆ ಒಳಗೇ ಇರುತ್ತದೆ, ಅದರ ಮೇಲೆ ಯಾವ ಅಂಟೂ ಹಿಡಿಯಲ್ಲ. ಅಸಿಟೋನ್ ಹಚ್ಚಿದ ಇಯರ್‌ಬಡ್ ಕಪ್ಪಾಗದೆ ಹೊರಬರುವವರೆಗೆ ಒರೆಸಿ. ಬಿದಿರಿನ ತುದಿಯನ್ನು 5 ಡಿಗ್ರಿ ಇಳಿಜಾರಿಗೆ ತೀಡಿ, ಉಜ್ಜುಕಾಗದದಿಂದ ಒರಟು ಮಾಡಿ. ಆಮೇಲೆ ಇಕ್ಕಳದಲ್ಲಿ ಮೊನೆ ಹಿಡಿದು ಅದನ್ನೇ ಕಾಯಿಸಿ, ಬಿದಿರನ್ನಲ್ಲ. ಹಾಟ್‌ಮೆಲ್ಟ್ (ಬಿಸಿಗೆ ಕರಗುವ ಅಂಟು) ಸವರಿ, ತಿರುಗಿಸುತ್ತಾ ಒತ್ತಿ, ನೀರಲ್ಲಿ ಅದ್ದಿ.

ಸೂಪರ್‌ಗ್ಲೂ ಬೇಡ, ಪೆಡಸಾಗಿ ಹೊಡೆತಕ್ಕೆ ಬಿರಿಯುತ್ತದೆ. ಅರಾಲ್ಡೈಟ್ ಗಟ್ಟಿ, ಆದರೆ ಬಾಣ ಮುರಿದರೆ ಮೊನೆ ಬಿಡಿಸುವುದು ತಲೆನೋವು. ದಾರ ಸುತ್ತುವ ಸಲಹೆ ಬಿದಿರು ಸೀಳದಿರಲು ಒಳ್ಳೆಯದು, ಮೊನೆ ಹಿಡಿಯಲು ಅಲ್ಲ.

ನನಗೆ ಗೊತ್ತಿಲ್ಲದಿದ್ದ ಸಂಗತಿ ಬಿದಿರಿನ ಟೊಳ್ಳಿನದು. ತುದಿ ಗೆಣ್ಣಿನ ಹತ್ತಿರ ಕತ್ತರಿಸದಿದ್ದರೆ ಮೊನೆಯೊಳಗೆ ಬಿದಿರು ಕುಸಿಯುತ್ತದೆ. ಟೊಳ್ಳಿಗೆ ಒಣ ಬಿದಿರಿನ ಕಡ್ಡಿ ಅಂಟಿಸಿ ತುಂಬಿ.

100 ಗ್ರೇನ್ ತೂಕದ ಮೊನೆ ಬದಲು 125 ಗ್ರೇನ್, ಅಂದರೆ ಸುಮಾರು 8 ಗ್ರಾಂ, ಮೊನೆ ಹಾಕಿದಾಗ ಬಾಣಗಳು ಬಲಕ್ಕೆ ವಾಲಿದವು. ಮುಂದೆ ತೂಕ ಹೆಚ್ಚಿದರೆ ಬಿಟ್ಟಾಗ ಬಾಣದ ಕಡ್ಡಿ ಹೆಚ್ಚು ಬಾಗುತ್ತದೆ, ಬಲಗೈಯವರಿಗೆ ಹೀಗೇ.

ಅಗಲ ಅಲಗಿನ ಬೇಟೆ ಮೊನೆ ಕೇಳಿದವರಿಗೆ: 1972ರ ವನ್ಯಜೀವಿ ಕಾಯ್ದೆ ಇರುವಾಗ ಮಂಡ್ಯದಲ್ಲಿ ಅದಕ್ಕೆ ಕೆಲಸವಿಲ್ಲ. ಹುಲ್ಲಿನ ಗುರಿಯನ್ನೂ ಅದು ಕತ್ತರಿಸಿ ಹಾಳು ಮಾಡುತ್ತದೆ.