ಪಿಕಪ್ ಟ್ರಕ್ಕಿನ ಚಾಲಕನ ಸೀಟು ಬಿಸಿಯಾಗುತ್ತಿಲ್ಲ: ಪರೀಕ್ಷೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನನ್ನ ಹಳೆಯ ಪಿಕಪ್ ಟ್ರಕ್ಕಿನಲ್ಲಿ ಚಾಲಕನ ಸೀಟಿನ ಹೀಟರ್ ಕೆಲಸ ಮಾಡುತ್ತಿಲ್ಲ. ಸ್ವಿಚ್ ಒತ್ತಿದಾಗ ಅದರ ದೀಪ ಹೊತ್ತಿಕೊಂಡು ನಾಲ್ಕೈದು ಸೆಕೆಂಡುಗಳಲ್ಲಿ ತಾನಾಗಿಯೇ ಆರಿಹೋಗುತ್ತದೆ; ಆಸನವೂ ಬೆನ್ನೊರಗೂ ತಣ್ಣಗೇ ಇರುತ್ತವೆ. ಪಕ್ಕದ ಸೀಟು ಸರಿಯಾಗಿಯೇ ಬಿಸಿಯಾಗುತ್ತಿದೆ. ಫ್ಯೂಸ್ ತೆಗೆದು ನೋಡಿದೆ, ಸುಟ್ಟಿಲ್ಲ. ಗ್ಯಾರೇಜಿನವರು ಸ್ವಿಚ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಅದಕ್ಕೆ ಒಪ್ಪುವ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಿದೆ? ಮಲ್ಟಿಮೀಟರ್ ಬಳಸಲು ನನಗೆ ಬರುತ್ತದೆ.

ಮೊದಲ ಉತ್ತರ

ದೀಪ ಹೊತ್ತಿ ಆರುತ್ತಿರುವುದರಿಂದ ನನಗೆ ಸ್ವಿಚ್ಚಿನ ಮೇಲೆ ಅನುಮಾನ ಬರುತ್ತಿಲ್ಲ. ಅನೇಕ ವಾಹನಗಳಲ್ಲಿ ಸೀಟಿನ ನಿಯಂತ್ರಣ ಘಟಕವು ಹೀಟರಿಗೆ ವಿದ್ಯುತ್ ಹರಿಸಿ ನೋಡುತ್ತದೆ. ವಿದ್ಯುತ್ ಹರಿಯದಿದ್ದರೆ, ಅಥವಾ ಬಿಸಿಯನ್ನು ಅಳೆಯುವ ಥರ್ಮಿಸ್ಟರಿನಿಂದ ನಂಬಲಾಗದ ಸೂಚನೆ ಬಂದರೆ, ಸುರಕ್ಷತೆಗಾಗಿ ತಾನೇ ಹೀಟರನ್ನು ನಿಲ್ಲಿಸುತ್ತದೆ. ಆದ್ದರಿಂದ ಮೊದಲು ಸೀಟಿನ ಕೆಳಗಿನ ಕನೆಕ್ಟರುಗಳನ್ನು ನೋಡಿ. ಸೀಟನ್ನು ಹಿಂದೆ ಮುಂದೆ ಸರಿಸುವಾಗ ಅಲ್ಲಿನ ವೈರುಗಳು ಎಳೆಯಲ್ಪಡುತ್ತವೆ, ಕೆಸರುಗಾಲಿನ ನೀರು ಸೇರಿ ಪಿನ್ನುಗಳು ಕಿಲುಬು ಹಿಡಿಯುತ್ತವೆ.

ಅಲ್ಲಿ ಎಲ್ಲವೂ ಸರಿಯಿದ್ದರೆ ಹೀಟರ್ ಪ್ಯಾಡಿನ, ಅಂದರೆ ಹೊದಿಕೆಯ ಕೆಳಗಿರುವ ಬಿಸಿಯಾಗುವ ವೈರಿನ ಹಾಸಿನ, ರೋಧವನ್ನು (ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆಯನ್ನು) ಅಳೆಯಿರಿ. 12 ವೋಲ್ಟಿನಲ್ಲಿ 50 ವ್ಯಾಟ್ ಬಳಸುವ ಪ್ಯಾಡ್ ಸುಮಾರು 3 ಓಮ್ ತೋರಿಸಬೇಕು. ನಿಮ್ಮ ಪ್ಯಾಡಿನ ಅಳತೆ ಸ್ವಲ್ಪ ಬೇರೆ ಇರಬಹುದು. ಸರಿಯಾಗಿರುವ ಪಕ್ಕದ ಸೀಟನ್ನೂ ಅಳೆದು ಹೋಲಿಸಿದರೆ ಊಹೆಗೆ ಅವಕಾಶವೇ ಇರುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾಗಿದೆ, ಆದರೆ ಸೀಟಿನ ಕೆಳಗೆ ಕೈ ಹಾಕುವ ಮುನ್ನ ಒಂದು ಮಾತು. ಅಲ್ಲಿ ಕಾಣುವ ಹಳದಿ ಕನೆಕ್ಟರುಗಳು ಸಾಮಾನ್ಯವಾಗಿ ಪಕ್ಕದ ಏರ್‌ಬ್ಯಾಗಿಗೆ ಅಥವಾ ಸೀಟ್‌ಬೆಲ್ಟನ್ನು ಬಿಗಿಗೊಳಿಸುವ ಸಾಧನಕ್ಕೆ ಸೇರಿದವು. ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ವಾಹನದ ಕೈಪಿಡಿಯಲ್ಲಿ ಹೇಳಿರುವಷ್ಟು ನಿಮಿಷ ಕಾದ ಮೇಲೆಯೇ ಕೆಲಸ ಆರಂಭಿಸಿ. ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ತಾಗಿಸಲೇಬೇಡಿ, ಏಕೆಂದರೆ ಮೀಟರ್ ಹರಿಸುವ ಅಲ್ಪ ವಿದ್ಯುತ್ತೂ ಅಲ್ಲಿ ಅಪಾಯಕಾರಿ. ಅದನ್ನು ಬಿಚ್ಚಿಟ್ಟು ಇಗ್ನಿಷನ್ ಹಾಕಿದರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಮತ್ತೆ ಜೋಡಿಸಿದ ಮೇಲೂ ಕೆಲವು ವಾಹನಗಳಲ್ಲಿ ಅದು ಆರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬ್ಯಾಟರಿ ಬಿಚ್ಚಿ ಅಳೆದೆ. ಬೆನ್ನೊರಗಿನ ಪ್ಯಾಡ್ 2 ಓಮಿಗಿಂತ ತುಸು ಹೆಚ್ಚು ತೋರಿಸಿತು. ಆಸನದ ಪ್ಯಾಡ್ ಪೂರ್ತಿ ತುಂಡಾಗಿದೆ. ಹೊದಿಕೆಯನ್ನು ಬಾಗಿಲ ಬದಿಯಿಂದ ಬಿಡಿಸಿ ನೋಡಿದಾಗ, ಸ್ಪಂಜಿನ ಮೇಲೆ ನಾಣ್ಯದಷ್ಟು ಅಗಲದ ಕಂದು ಸುಟ್ಟ ಗುರುತು ಕಂಡಿತು. ವೈರು ತುಂಡಾದ ಜಾಗ ಕಣ್ಣಿಗೆ ಕಾಣುತ್ತಿರುವುದರಿಂದ ಅಲ್ಲಿಯೇ ಬೆಸುಗೆ ಹಾಕಬಹುದೇ?

ಮೂರನೆಯ ಉತ್ತರ

ದಯವಿಟ್ಟು ಬೇಡ. ಎತ್ತರದ ಟ್ರಕ್ಕಿನಿಂದ ಇಳಿಯುವಾಗ ನಾವೆಲ್ಲರೂ ಬಾಗಿಲ ಬದಿಯ ಅಂಚಿನ ಮೇಲೆ ಜಾರಿಕೊಂಡೇ ಇಳಿಯುತ್ತೇವೆ, ಸಾಮಾನು ತೆಗೆಯಲು ಅದೇ ಜಾಗಕ್ಕೆ ಮೊಣಕಾಲನ್ನೂ ಊರುತ್ತೇವೆ; ವೈರು ಮಡಚಿ ಮಡಚಿ ತುಂಡಾಗಿರುವುದು ಹಾಗೆಯೇ. ಬೆಸೆದ ಜಾಗ ಗಡುಸಾಗುವುದರಿಂದ ಅದರ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ, ಮುರಿಯುವ ಮೊದಲು ಆ ಒಂದೇ ಬಿಂದುವಿನಲ್ಲಿ ವಿಪರೀತ ಬಿಸಿಯಾಗುತ್ತದೆ. ಮಧುಮೇಹದಿಂದಲೋ ಬೆನ್ನುಹುರಿಯ ಗಾಯದಿಂದಲೋ ಚರ್ಮದ ಸ್ಪರ್ಶಜ್ಞಾನ ಕುಂದಿದವರು ಅಂಥ ಸೀಟಿನಲ್ಲಿ ಕುಳಿತರೆ ಸುಡುತ್ತಿರುವುದು ಗೊತ್ತಾಗುವ ಹೊತ್ತಿಗೆ ಗಾಯವಾಗಿರುತ್ತದೆ.

ನಿಮ್ಮ ವಾಹನದಲ್ಲಿ ಎರಡೂ ಪ್ಯಾಡುಗಳು ಸರಣಿಯಲ್ಲಿ, ಅಂದರೆ ಒಂದರ ಮೂಲಕವೇ ಇನ್ನೊಂದಕ್ಕೆ ವಿದ್ಯುತ್ ಹರಿಯುವಂತೆ, ಜೋಡಣೆಯಾಗಿರಬೇಕು. ಒಂದು ತುಂಡಾದಾಗ ಬೆನ್ನೊರಗೂ ತಣ್ಣಗಾಗಿರುವುದಕ್ಕೆ ಅದೇ ಕಾರಣ. ಆದ್ದರಿಂದ ಆಸನದ ಪ್ಯಾಡನ್ನಷ್ಟೇ ಬದಲಾಯಿಸಿದರೆ ಸಾಕು, ಆದರೆ ನಿಮ್ಮ ಮಾದರಿಗೇ ಹೊಂದುವ, ಅದೇ ರೋಧದ ಪ್ಯಾಡ್ ಆಗಿರಲಿ. ಸುಟ್ಟ ಸ್ಪಂಜನ್ನು ಕತ್ತರಿಸಿ ತೆಗೆದು ಸಮ ಮಾಡಿ. ಹೊದಿಕೆಯನ್ನು ಹಿಡಿದಿರುವ ಲೋಹದ ಉಂಗುರಗಳನ್ನು ಮತ್ತೆ ಕಟ್ಟುವಾಗ ಅವು ಹೊಸ ಪ್ಯಾಡನ್ನು ಚುಚ್ಚದಂತೆ ನೋಡಿಕೊಳ್ಳಿ. ಕೊನೆಯ ಉಂಗುರ ಕಟ್ಟುವ ಮೊದಲೇ ರೋಧವನ್ನು ಇನ್ನೊಮ್ಮೆ ಅಳೆಯಿರಿ; ಇಲ್ಲವಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದೀತು.