ಆನೆ ಪ್ರಶ್ನೆಗೆ ನಗುವ ಮುಂಚೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಮಕ್ಕಳ ರಜೆ ಅಂತ ಅಮೆರಿಕದ ಡಲ್ಲಾಸ್‌ನಿಂದ ಊರಿಗೆ, ಅಂದರೆ ಕಲಬುರಗಿಗೆ ಬಂದಿದ್ದೇವೆ. ಹಾಗಾಗಿ ಈ ಚರ್ಚೆಗೆ ತಡವಾಗಿ ಸೇರುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾಯಿತು. ಪುರುಸೊತ್ತು ಸಿಕ್ಕಾಗ ಓದಿ.

ಕೇಳಿದ್ದು ಸಣ್ಣ ಪ್ರಶ್ನೆ. ಮೂರನೇ ತರಗತಿಯ ಮಗಳಿಗೆ ಜೊತೆಯ ಹುಡುಗಿಯೊಬ್ಬಳು "ಇಂಡಿಯಾದಲ್ಲಿ ನೀವು ಆನೆ ಮೇಲೆ ಓಡಾಡ್ತೀರಾ" ಅಂದಳಂತೆ. ಮಗುವಿಗೆ ಏನು ಉತ್ತರ ಹೇಳಿಕೊಡಲಿ ಎಂದು ತಾಯಿ ಇಲ್ಲಿ ಕೇಳಿದರು. ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ. ಅಮೆರಿಕದವರಿಗೆ ಪ್ರಪಂಚವೇ ಗೊತ್ತಿಲ್ಲ, ಜನರಲ್ ನಾಲೆಜ್ ಸೊನ್ನೆ, ತಲೆ ಕೆಡಿಸ್ಕೋಬೇಡಿ. ಒಬ್ಬರಂತೂ "ಆನೆ ಪಾರ್ಕ್ ಮಾಡೋಕೆ ಜಾಗ ಸಿಗದೆ ಇಲ್ಲಿಗೆ ಬಂದ್ವಿ ಅಂತ ಹೇಳಿಸಿ" ಎಂದು ಬರೆದಿದ್ದಾರೆ. ನನಗೂ ನಗು ಬಂತು, ಸುಳ್ಳು ಹೇಳಲ್ಲ. ಆದರೆ ಎಂಟು ವರ್ಷದ ಮಗು ಇದನ್ನು ತರಗತಿಯಲ್ಲಿ ಹೇಳಿದರೆ, ಕೇಳಿದ ಹುಡುಗಿಗೆ ಅರ್ಥವಾಗುವುದು ಒಂದೇ. ಇನ್ನು ಮುಂದೆ ಇವಳನ್ನು ಏನೂ ಕೇಳಬಾರದು.

ಆನೆಯ ವಿಷಯಕ್ಕೇ ಬರೋಣ. ಇಡೀ ದೇಶದಲ್ಲಿ ಆನೆಗಳು ಜಾಸ್ತಿ ಇರುವುದು ನಮ್ಮ ಕರ್ನಾಟಕದಲ್ಲೇ. 2023ರ ಗಣತಿಯ ಅಂದಾಜು 6,395. ದಸರಾ ಬಂದರೆ ಆನೆ ಮೇಲೆ ಅಂಬಾರಿ ಹೊರಿಸಿ ಮೆರವಣಿಗೆ ಮಾಡುವವರು ನಾವು. ಆ ವಿಡಿಯೊವನ್ನು ಪ್ರತಿ ವರ್ಷ ಸ್ಟೇಟಸ್‌ಗೆ ಹಾಕುವವರೂ ನಾವೇ. ಇಂಡಿಯನ್ ಹೋಟೆಲ್ ಗೋಡೆಯ ಮೇಲೆ ಆನೆ, ಸೀರೆ ಅಂಚಿನಲ್ಲಿ ಆನೆ, ಪ್ರವಾಸದ ಜಾಹೀರಾತಿನಲ್ಲೂ ಆನೆ. ಇಷ್ಟನ್ನೆಲ್ಲ ನೋಡಿದ ಮಗು ಆನೆ ಬಗ್ಗೆ ಕೇಳದೆ ತೊಗರಿ ಬಗ್ಗೆ ಕೇಳುತ್ತದಾ? "ಹೌದು, ನಮ್ಮ ರಾಜ್ಯದಲ್ಲಿ ತುಂಬಾ ಆನೆ ಇವೆ, ಆದರೆ ಅವು ಕಾಡಲ್ಲಿರ್ತವೆ. ನಮ್ಮಜ್ಜಿ ಊರಲ್ಲಿ ಆಟೋ ಇದೆ." ಇಷ್ಟು ಸಾಕಿತ್ತು.

ಅಮೆರಿಕದವರಿಗೆ ಭೂಗೋಳ ಬರಲ್ಲ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ನ್ಯಾಷನಲ್ ಜಿಯೋಗ್ರಾಫಿಕ್ 2002ರಲ್ಲಿ ಒಂಬತ್ತು ದೇಶಗಳಲ್ಲಿ 18ರಿಂದ 24 ವಯಸ್ಸಿನವರಿಗೆ ಪ್ರಶ್ನೆ ಕೇಳಿತ್ತು. ಅಮೆರಿಕದ ಹುಡುಗ ಹುಡುಗಿಯರಲ್ಲಿ ನೂರಕ್ಕೆ 11 ಮಂದಿಗೆ ನಕ್ಷೆಯಲ್ಲಿ ಅಮೆರಿಕವೇ ಸಿಗಲಿಲ್ಲ. ನೂರಕ್ಕೆ 29 ಮಂದಿಗೆ ಪೆಸಿಫಿಕ್ ಸಾಗರ ಸಿಗಲಿಲ್ಲ. ಅಷ್ಟು ದೊಡ್ಡ ಸಾಗರ! ಸ್ವೀಡನ್ ಮೊದಲು ಬಂತು. ಅಮೆರಿಕ ಕೊನೆಯಿಂದ ಎರಡನೆಯದು. ನಾವು ಇಲ್ಲಿ ಹಂಚಿಕೊಳ್ಳುವ ಜೋಕುಗಳ ಬೇರು ಇಂಥ ಕಡೆಯೇ ಇದೆ.

ಆದರೆ ಆ ಒಂಬತ್ತರಲ್ಲಿ ಭಾರತ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ. ಭಾರತ ಇದ್ದ ಇನ್ನೊಂದು ಸಮೀಕ್ಷೆಯ ಕಥೆ ಕೇಳಿ. ಇಪ್ಸೋಸ್ ಮೋರಿ ಎಂಬ ಸಂಸ್ಥೆ 2016ರಲ್ಲಿ 40 ದೇಶಗಳಲ್ಲಿ ಜನರನ್ನು ಅವರವರ ದೇಶದ ಬಗ್ಗೆಯೇ ಕೇಳಿತು. ನಿಮ್ಮಲ್ಲಿ ಮುಸ್ಲಿಮರು ನೂರಕ್ಕೆ ಎಷ್ಟು, ಸ್ವಂತ ಮನೆ ಇರುವವರು ಎಷ್ಟು, ಖುಷಿಯಾಗಿದ್ದೇವೆ ಅನ್ನುವವರು ಎಷ್ಟು, ಹೀಗೆ. ಸರಿ ಉತ್ತರಕ್ಕೆ ಎಲ್ಲರಿಗಿಂತ ದೂರ ಇದ್ದವರು ನಾವು. ಭಾರತ ಮೊದಲು, ಅಮೆರಿಕ ಐದನೆಯದು. ಇನ್ನೂ ಒಂದು ಮಾತಿದೆ. ಭಾರತದಲ್ಲಿ ಉತ್ತರ ಕೊಟ್ಟವರು ಹೆಚ್ಚಾಗಿ ಪಟ್ಟಣದವರು, ಓದಿದವರು, ಇಂಟರ್ನೆಟ್ ಇದ್ದವರು. ಹಳ್ಳಿಯವರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ನಮ್ಮಂಥವರೇ. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ತೋರಿಸುವುದು ಬೇಡ.

ಊರಿಗೆ ಬಂದಮೇಲೆ ನೋಡಿದರೆ ಈ ಜೋಕು ನಮಗಿಂತ ಮುಂಚೆ ಇಲ್ಲಿ ಬಂದು ಕೂತಿದೆ. ಅಣ್ಣನ ಮಗ, ಹತ್ತನೇ ಕ್ಲಾಸು, ಮೊದಲ ದಿನವೇ ಕೇಳಿದ. "ಕಾಕಾ, ಅಲ್ಲಿ ಮಂದಿಗೆ ನಮ್ ದೇಶ ಎಲ್ಲಿ ಅದ ಅಂತನೂ ಗೊತ್ತಿಲ್ಲಂತಲ್ಲ, ಖರೇನಾ?" ನಾನು ಬಾಯಿ ತೆರೆಯುವ ಮುಂಚೆ ನನ್ನ ಮಗ ಹೌದು ಹೌದು ಎಂದು ತಲೆ ಆಡಿಸಿದ. ಇವನಿಗೆ ಯಾದಗಿರಿ ಎಲ್ಲಿದೆ ಗೊತ್ತಿಲ್ಲ. ಬೆಂಗಳೂರಿನಿಂದ ಬರುವಾಗ ರೈಲು ಅಲ್ಲೇ ನಿಂತಿತ್ತು, ಅವನು ಕಿಟಕಿ ಪಕ್ಕವೇ ಕೂತಿದ್ದ. ಆದರೂ ಅಮೆರಿಕದವರ ಅಜ್ಞಾನಕ್ಕೆ ಅವನೇ ಸಾಕ್ಷಿ! ಇದನ್ನು ಅವನು ಶಾಲೆಯಲ್ಲಿ ಕಲಿತಿಲ್ಲ. ನಮ್ಮ ಮನೆಗಳಲ್ಲಿ, ವಾರಾಂತ್ಯದ ಊಟಗಳಲ್ಲಿ, ದೊಡ್ಡವರ ಮಾತಿನಿಂದ ಕಲಿತಿದ್ದಾನೆ. ಅಲ್ಲೇ ಹುಟ್ಟಿ, ಅಲ್ಲಿನ ಮಕ್ಕಳ ಜೊತೆಗೇ ಬೆಳೆಯುವ ಹುಡುಗನಿಗೆ "ಇವರಿಗೆ ಏನೂ ಗೊತ್ತಿಲ್ಲ" ಅನ್ನುವುದನ್ನು ನಾವೇ ತುಂಬುತ್ತಿದ್ದೇವೆ. ನನಗೆ ಚಿಂತೆ ಇದು. ಆನೆ ಪ್ರಶ್ನೆ ಅಲ್ಲ.

ಯಾರಿಗೆ ಏನು ಗೊತ್ತಿರುತ್ತದೆ ಅನ್ನುವುದಕ್ಕೆ ಕಲಬುರಗಿಯಲ್ಲಿ ಒಳ್ಳೆ ಉದಾಹರಣೆ ಇದೆ. ನಮ್ಮ ಸೋದರಮಾವ ಹೊಲ ಮಾಡುವವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರ ಬಾಯಲ್ಲಿ ಮೊಜಾಂಬಿಕ್ ಹೆಸರು ಎಷ್ಟು ಸಲೀಸಾಗಿ ಬರುತ್ತದೆ ಗೊತ್ತಾ? ಇಲ್ಲಿನ ಮುಖ್ಯ ಬೆಳೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಮಾಲು ಅನ್ನುವ ಗುರುತು ಕೂಡ ಬಂದಿದೆ. ಆದರೆ ದೇಶಕ್ಕೆ ಬೇಕಾದಷ್ಟು ತೊಗರಿ ಇಲ್ಲೇ ಬೆಳೆಯುವುದಿಲ್ಲ. ಸರ್ಕಾರ 2016ರಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳು ತರಿಸುವ ಒಪ್ಪಂದ ಮಾಡಿಕೊಂಡಿತು. ಮ್ಯಾನ್ಮಾರ್, ತಾಂಜಾನಿಯಾ, ಮಲಾವಿಯಿಂದಲೂ ಬರುತ್ತದೆ. ಆಫ್ರಿಕಾದ ತೊಗರಿ ಬಂದರಿಗೆ ಇಳಿದ ಮೇಲೆ ನಮ್ಮ ಕೊಯ್ಲು, ರಾಶಿ ಶುರುವಾಗುವುದು, ಡಿಸೆಂಬರ್ ಜನವರಿಗೆ. ಹಡಗು ಜಾಸ್ತಿ ಬಂದರೆ ಎಪಿಎಂಸಿಯಲ್ಲಿ ರೇಟು ಬಿತ್ತು ಅಂತಲೇ ಲೆಕ್ಕ. ಹಾಗಾಗಿ ಆಮದು ಸುಂಕ ತೆಗೆದರೋ ಇಟ್ಟರೋ, ಆ ಕಡೆ ಮಳೆ ಹೇಗಾಯಿತು, ಬರ್ಮಾದ ಮಾಲು ಎಷ್ಟಕ್ಕೆ ಹೋಯಿತು, ಮಾವನಿಗೆ ಎಲ್ಲ ಬೇಕು. ನಕ್ಷೆ ಕೊಟ್ಟರೆ ಮೊಜಾಂಬಿಕ್ ಮೇಲೆ ಬೆರಳು ಇಡುತ್ತಾರೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ಕೇಳಿದರೆ "ಬೆರಳ ಇಟ್ರ ರೇಟ್ ಏರತದೇನು" ಅನ್ನುತ್ತಾರೆ.

ನಮ್ಮ ಓಣಿಯ ಟೇಲರ್‌ಗೆ ಸೌದಿಯ ಜೆಡ್ಡಾಕ್ಕೂ ದಮ್ಮಾಮ್‌ಗೂ ಇರುವ ಫರಕು ಗೊತ್ತು, ಇವತ್ತಿನ ರಿಯಾಲ್ ರೇಟೂ ಗೊತ್ತು. ಅವನ ತಮ್ಮ ಅಲ್ಲಿದ್ದಾನೆ. ಕಲಬುರಗಿ, ಬೀದರ್ ಕಡೆ ಇಂಥ ಮನೆ ಬೇಕಾದಷ್ಟಿವೆ.

ಇನ್ನು ಡಲ್ಲಾಸ್‌ನ ನಮ್ಮ ಪಕ್ಕದ ಮನೆಯವರು. ಕಲಬುರಗಿ ಹೆಸರು ಅವರಿಗೆ ಗೊತ್ತಿಲ್ಲ. ಯಾಕೆ ಗೊತ್ತಿರಬೇಕು? ಟೆಕ್ಸಾಸ್ ಒಂದೇ ಕರ್ನಾಟಕದ ಮೂರೂವರೆ ಪಟ್ಟಿಗಿಂತ ದೊಡ್ಡದು. ಎರಡು ದಿನ ಗಾಡಿ ಓಡಿಸಿದರೂ ಅದೇ ಭಾಷೆ, ಅದೇ ನೋಟು, ಅದೇ ಪೆಟ್ರೋಲ್ ಬಂಕು. ಅವರ ಹೊಟ್ಟೆಪಾಡು ಬೇರೆ ದೇಶದ ಮೇಲೆ ನಿಂತಿದೆ ಅಂತ ದಿನಾ ನೆನಪಿಸುವ ಸಂಗತಿ ಕಡಿಮೆ. ನಾವೇನು ಕಡಿಮೆಯೇ? ಅಷ್ಟು ವರ್ಷ ಅಲ್ಲಿದ್ದು, ನಾವಿರುವ ಕೌಂಟಿಯ ಹೆಸರು ಗಮನಕ್ಕೆ ಬಂದದ್ದು ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬಂದಾಗ. ಅಲ್ವಾ?

ಈಗ ಗುಂಪಿನಲ್ಲಿ ಕೆಲವರಿಗೆ ಚುಚ್ಚಬಹುದಾದ ಮಾತು. ಆಫೀಸಿನಲ್ಲಿ ಯಾರಾದರೂ "ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ" ಅಂದರೆ ಇಲ್ಲಿ ಉದ್ದುದ್ದ ಪೋಸ್ಟು ಬೀಳುತ್ತದೆ. ಅವಮಾನ ಆಯ್ತು, ಇವರಿಗೆ ನಮ್ಮ ಬಗ್ಗೆ ಏನೂ ತಿಳಿದಿಲ್ಲ ಅಂತ. ಸರಿ. ಆದರೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನಗೆ ಮತ್ತೆ ಮತ್ತೆ ಸಿಗುವ ಹೊಗಳಿಕೆ ಯಾವುದು ಗೊತ್ತೇ? "ಓ, ಕಲಬುರಗಿಯವರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಬೆಂಗಳೂರು ಮೈಸೂರಿನ ಒಳ್ಳೆಯ ಜನ, ಪ್ರೀತಿಯಿಂದಲೇ ಹೇಳುತ್ತಾರೆ. ಆ ಕಡೆ ಬರೀ ಹಿಂದಿಯಂತೆ, ಬರೀ ಬಿಸಿಲಂತೆ, ಶಾಲೆ ಇವೆಯಾ ಅಂತಲೂ ಕೇಳಿದವರಿದ್ದಾರೆ. ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಕನ್ನಡ ನಾಡಿನ ಜೊತೆ ಒಂದಾದದ್ದು 1956ರ ನವೆಂಬರ್ 1ಕ್ಕೆ. ಉರ್ದುವಿನಲ್ಲಿ ಆಡಳಿತ ನಡೆದರೂ ಮನೆಯಲ್ಲಿ, ಹೊಲದಲ್ಲಿ, ವಚನದಲ್ಲಿ ಕನ್ನಡವನ್ನು ಬಿಡದೆ ಉಳಿಸಿಕೊಂಡ ಜನ ಇವರು. ಇದು ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಬಿಡಿ, ಪಾಠ ಹೇಳುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಾಗಂತ ಕಲಬುರಗಿಯವರು ಸಾಚಾ ಅಂತಲ್ಲ. ಲಂಬಾಣಿ ತಾಂಡಾದಿಂದ ಬಂದ ಹುಡುಗನಿಗೆ ಇಲ್ಲಿನ ಪೇಟೆಯವರು ಕೇಳುವ ಪ್ರಶ್ನೆಗಳನ್ನು ನೀವು ಕೇಳಬೇಕು.

ಜಗತ್ತಿನಿಂದ ಮೂಲೆಗೆ ಬಿದ್ದ ಊರುಗಳು ಅಂತ ನೀವು ಅಂದುಕೊಂಡಿರುವ ಜಾಗಗಳಿವು. 851ರ ಸುಮಾರಿನ ಅರಬ್ ವರ್ತಕರ ಬರಹವೊಂದಿದೆ. ಅದರಲ್ಲಿ ಲೋಕದ ನಾಲ್ಕು ದೊಡ್ಡ ದೊರೆಗಳ ಲೆಕ್ಕ ಬರುತ್ತದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮನ್ನರ ದೊರೆ, ನಾಲ್ಕನೆಯವನು "ಬಲ್ಹರಾ". ಆ ಬಲ್ಹರಾ ನಮ್ಮ ರಾಷ್ಟ್ರಕೂಟ ದೊರೆ. ಆಗ ಸಿಂಹಾಸನದ ಮೇಲಿದ್ದವನು ಅಮೋಘವರ್ಷ ನೃಪತುಂಗ, ರಾಜಧಾನಿ ಮಳಖೇಡ. ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಕಾಗಿಣಾ ನದಿ ದಂಡೆಯಲ್ಲಿ ಸಿಗುವ ಅದೇ ಮಳಖೇಡ. ಬೀದರ್‌ನ ದೊಡ್ಡ ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. 1472ರಲ್ಲಿ ಕಟ್ಟಡ ಮುಗಿಯಿತು.

ಅದೇ ಕಾಲಕ್ಕೆ ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ತಂದು ಬೀದರ್‌ನಲ್ಲಿ ಮಾರಿದ. ನನಗೆ ಬಹಳ ಇಷ್ಟದ ಮನುಷ್ಯ ಇವನು. ಹಿಂದೂಸ್ತಾನದಲ್ಲಿ ನಿಮ್ಮ ನಾಡಿಗೆ ಬೇಕಾದ ಮಾಲು ರಾಶಿ ಬಿದ್ದಿದೆ ಅಂತ ಯಾರೋ ನಂಬಿಸಿದ್ದರಂತೆ. ಬಂದು ನೋಡಿದರೆ ಏನೂ ಇಲ್ಲ, ಮೆಣಸು ಬಣ್ಣ ಮಾತ್ರ ಅಗ್ಗ. ನಂಬಿಸಿದವರನ್ನು ನಾಯಿಗಳು ಎಂದು ಬೈದು ಬರೆದಿದ್ದಾನೆ. ತಾನು ಕಣ್ಣಾರೆ ನೋಡಿದ್ದನ್ನು ಚೆನ್ನಾಗಿ ಬರೆದ. ಕೇಳಿದ್ದನ್ನೂ ಹಾಗೇ ಬರೆದ. ಇಲ್ಲಿನ ಮಂಗಗಳಿಗೆ ಒಬ್ಬ ರಾಜ ಇದ್ದಾನೆ, ಅವನ ಹತ್ತಿರ ಸೈನ್ಯ ಇದೆ ಅಂತಲೂ ಅದರಲ್ಲಿದೆ! ಬೀದರ್‌ನಲ್ಲೇ ತಿಂಗಳುಗಟ್ಟಲೆ ಇದ್ದವನ ಕಥೆ ಇದು. ಡಲ್ಲಾಸ್ ಬಿಟ್ಟು ಹೊರಗೆ ಹೋಗದ ಮೂರನೇ ಕ್ಲಾಸಿನ ಹುಡುಗಿ ಆನೆ ಅಂದರೆ ಏನಂತೆ?

ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಿ. ಗೊತ್ತಿಲ್ಲದೆ ಕೇಳುವುದು ಬೇರೆ, ನೋಯಿಸಲು ಕೇಳುವುದು ಬೇರೆ. ಊಟದ ಡಬ್ಬಿ ಮೂಸಿ ಮೂಗು ಮುಚ್ಚುವುದು, ಬಣ್ಣದ ಬಗ್ಗೆ, ಹೆಸರಿನ ಬಗ್ಗೆ ದಿನಾ ಕಿಚಾಯಿಸುವುದು, ಇವು ಪ್ರಶ್ನೆಗಳಲ್ಲ. ಅಲ್ಲಿ ಮಗುವಿಗೆ ತಾಳ್ಮೆಯ ಪಾಠ ಹೇಳುತ್ತಾ ಕೂರಬೇಡಿ. ನೇರ ಟೀಚರ್ ಹತ್ತಿರ ಹೋಗಿ, ದಿನಾಂಕ ಹಾಕಿ ಇಮೇಲ್ ಬರೆಯಿರಿ.

ಉಳಿದ ಪ್ರಶ್ನೆಗಳಿಗೆ ಮಕ್ಕಳ ಕೈಯಲ್ಲಿ ಉತ್ತರ ಇರಬೇಕು, ಅಷ್ಟೇ. ಈಗ ಅವರ ಹತ್ತಿರ ಇಲ್ಲ. ನನ್ನ ಮಗನಿಗೆ "ನಿನ್ನ ಅಜ್ಜಿ ಊರಲ್ಲಿ ಏನಿದೆ" ಎಂದು ಯಾರಾದರೂ ಕೇಳಿದರೆ "ಸೆಕೆ" ಅನ್ನುತ್ತಿದ್ದ. ಈಗ ಮಾವನ ಜೊತೆ ಎರಡು ದಿನ ಹೊಲಕ್ಕೆ ಹೋಗಿ ಬಂದಿದ್ದಾನೆ. ತೊಗರಿ ಬಿತ್ತನೆ ನಡೀತಿದೆ. ಗೂಗಲ್ ಮ್ಯಾಪಿನಲ್ಲಿ ಮೊಜಾಂಬಿಕ್ ಹುಡುಕಿ ಮಾವನಿಗೆ ತೋರಿಸಿದ್ದೂ ಅವನೇ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಸಮುದ್ರ ಬಾಜೂನೇ ಅದಲ್ಲ, ಅದಕ್ಕ ಅವ್ರಿಗಿ ಕಳಸೂದು ಸಸ್ತಾ" ಅಂದರು. ಕಲಬುರಗಿಯಿಂದ ಮುಂಬೈಗೆ ಲಾರಿ ಬಾಡಿಗೆ ಎಷ್ಟು ಅಂತ ಆಮೇಲೆ ಅರ್ಧ ಗಂಟೆ ಪಾಠ ಆಯಿತು. ಇವನು ಕೇಳುತ್ತಾ ಕೂತ.

ಬೀದರ್ ನೋಡಲು ಒಂದು ದಿನ ಸಾಕಾ ಎಂದು ಕೆಳಗೆ ಒಬ್ಬರು ಕೇಳಿದ್ದಾರೆ. ಹೈದರಾಬಾದಿನಲ್ಲಿ ಇಳಿಯುವವರಿಗೆ ಅದು ಸುಮಾರು 140 ಕಿಲೋಮೀಟರ್. ಬೆಳಗ್ಗೆ ಬೇಗ ಹೊರಟರೆ ಕೋಟೆ, ಮದರಸಾ, ಅಷ್ಟೂರಿನ ಗುಂಬಜ್‌ಗಳು ಆಗುತ್ತವೆ. ಮಕ್ಕಳಿದ್ದರೆ ಬಿದ್ರಿ ಕೆಲಸ ಮಾಡುವವರ ಹತ್ತಿರ ತಪ್ಪದೆ ಕರೆದುಕೊಂಡು ಹೋಗಿ. ಸತು ಮತ್ತು ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಹಾಕಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಸಣ್ಣದೊಂದು ಡಬ್ಬಿ ತಗೊಂಡರೆ ಶಾಲೆಯಲ್ಲಿ ತೋರಿಸಲು ಆಗುತ್ತದೆ. ಚೌಕಾಸಿ ಜಾಸ್ತಿ ಮಾಡಬೇಡಿ, ಕೈ ಕೆಲಸ ಅದು.

ನಾವು ಈ ಭಾನುವಾರ ಮಳಖೇಡಕ್ಕೆ ಹೊರಟಿದ್ದೇವೆ. ಗುಂಪಿನವರು ಯಾರಾದರೂ ಕಲಬುರಗಿಯಲ್ಲಿದ್ದರೆ ಮೆಸೇಜ್ ಮಾಡಿ. ಗಾಡಿಯಲ್ಲಿ ಎರಡು ಸೀಟು ಖಾಲಿ ಇದೆ. ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮನೆಯಿಂದ.